ಫ್ರಾಸ್ಕಾತಿ: ಸೊಪ್ಪಿನ ಟೊಂಗೆಯಿಂದ ವೈನ್ ಬಾಟಲಿಯವರೆಗೆ

ಇಟಾಲಿಯನ್ ಭಾಷೆಯಲ್ಲಿ ‘ಫ್ರಾಸ್ಕಾ’ ಎಂದರೆ ಎಲೆಗಳ ಸಮೇತ ಕಡಿದ ಸಣ್ಣ ಟೊಂಗೆ. ಬಹುವಚನದಲ್ಲಿ ‘ಫ್ರಾಸ್ಕೆ’. ಈ ಪದ ಒಂದು ಊರಿನ ಹೆಸರಾಯಿತು, ಪಾನಗೃಹಕ್ಕೂ ಅಂಟಿಕೊಂಡಿತು. ಇಂದು ಅದು ಹೆಸರಾಂತ ಬಿಳಿ ವೈನೊಂದರ ಲೇಬಲ್ ಮೇಲಿದೆ.

ಊರು ಫ್ರಾಸ್ಕಾತಿ. ರೋಮ್‌ನಿಂದ ಆಗ್ನೇಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ಆಲ್ಬನ್ ಬೆಟ್ಟಗಳ ಇಳಿಜಾರಿನಲ್ಲಿದೆ. ಹೆಸರಿನ ಬಗ್ಗೆ ಒಂದು ಜನಪ್ರಿಯ ಕಥೆಯುಂಟು. 1191ರಲ್ಲಿ ರೋಮಿನವರು ಪಕ್ಕದ ಬೆಟ್ಟದ ಟುಸ್ಕುಲಂ ಪಟ್ಟಣವನ್ನು ನೆಲಸಮ ಮಾಡಿದರಂತೆ. ಮನೆ ಕಳೆದುಕೊಂಡವರು ಕೆಳಗಿಳಿದು ಬಂದು, ನಮ್ಮ ಮದುವೆಮನೆಯ ಹಸಿರು ಚಪ್ಪರದ ಹಾಗೆ ಟೊಂಗೆ ಹೊದಿಸಿದ ಗುಡಿಸಲು ಹಾಕಿಕೊಂಡರಂತೆ. ಅದರಿಂದ ಊರು ಫ್ರಾಸ್ಕಾತಿ ಆಯಿತಂತೆ. ಪಟ್ಟಣ ನಾಶವಾದದ್ದು ನಿಜ, ಆದರೆ ಹೆಸರಿನ ಕಥೆಗೆ ಕಾಲ ಹೊಂದುವುದಿಲ್ಲ. ಪೋಪರ ಚರಿತ್ರೆಗಳ ಸಂಗ್ರಹವಾದ ‘ಲಿಬೆರ್ ಪೊಂತಿಫಿಕಾಲಿಸ್’ನಲ್ಲಿ ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಈ ಊರಿನ ಮಾತು ಬರುತ್ತದೆ. ಸುತ್ತಲಿನ ಹಲವು ಸ್ಥಳನಾಮಗಳು ಮರ, ಸೌದೆಗಳಿಂದ ಹುಟ್ಟಿದಂಥವು. ಹಾಗಾಗಿ ಟೊಂಗೆ ಕಡಿದು ತರುವ ಜಾಗ ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ. ಟುಸ್ಕುಲಂನವರು ಬಂದಮೇಲೆ ಊರು ದೊಡ್ಡದಾಯಿತು, ಬಿಷಪ್ಪರ ಪೀಠವೂ ಇಲ್ಲಿಗೆ ಬಂತು.

ಪದದ ಇನ್ನೊಂದು ಕವಲು ಬಾಗಿಲಿಗೆ ಸಂಬಂಧಿಸಿದ್ದು. ಹೊಸ ವೈನ್ ಸಿದ್ಧವಾದಾಗ ಬೆಳೆಗಾರರು ಬಾಗಿಲ ಮೇಲೊಂದು ಫ್ರಾಸ್ಕಾ ಕಟ್ಟುತ್ತಿದ್ದರು. ಅಕ್ಷರ ಬಾರದ ದಾರಿಹೋಕರಿಗೂ ಅರ್ಥವಾಗುವ ಫಲಕ ಅದು. ಅಂಥ ಮನೆ ‘ಫ್ರಾಸ್ಕೆತ್ತಾ’ ಎನಿಸಿತು. ಈಶಾನ್ಯದ ಫ್ರಿಯೂಲಿಯಲ್ಲಿ ಇಂದಿಗೂ ಇಂಥ ಪಾನಗೃಹವನ್ನೇ ‘ಫ್ರಾಸ್ಕಾ’ ಎನ್ನುತ್ತಾರೆ. ಒಳ್ಳೆಯ ವೈನಿಗೆ ಟೊಂಗೆ ಬೇಡ ಎಂಬ ಗಾದೆಯೂ ಇಟಲಿಯಲ್ಲಿದೆ. ಗಾಳಿ ಬೀಸಿದತ್ತ ಅಲುಗುವ ಎಲೆಯ ಗುಣದಿಂದಲೋ ಏನೋ, ಚಂಚಲ ಹುಡುಗಿಯನ್ನೂ ‘ಫ್ರಾಸ್ಕೆತ್ತಾ’ ಎಂದು ಕರೆಯುವ ರೂಢಿ ಬೆಳೆಯಿತು.

ಹಳೆಯ ಫ್ರಾಸ್ಕೆತ್ತಾದಲ್ಲಿ ಸಿಗುತ್ತಿದ್ದದ್ದು ವೈನ್ ಮಾತ್ರ. ಊಟದ ಗಂಟನ್ನು ಜನ ತಾವೇ ತರುತ್ತಿದ್ದರು. ಗಂಟಿಗೆ ‘ಫಗೊತ್ತೊ’ ಎಂದು ಹೆಸರು, ತಂದವರು ‘ಫಗೊತ್ತಾರಿ’. ಫ್ರಾಸ್ಕಾತಿ ವೈನಿಗೆ ಯಾವ ಊಟ ಹೊಂದುತ್ತದೆ ಎಂಬ ಪ್ರಶ್ನೆಗೆ ಆ ಗಂಟೇ ಉತ್ತರ ಹೇಳುತ್ತದೆ: ಬ್ರೆಡ್ಡು, ಕುರಿಹಾಲಿನ ಪೆಕೊರೀನೊ ಚೀಸ್, ಮತ್ತು ಹತ್ತಿರದ ಅರಿಚ್ಚಾ ಊರಿನ ಪೊರ್ಕೆತ್ತಾ, ಅಂದರೆ ಬೆಳ್ಳುಳ್ಳಿ, ರೋಸ್‌ಮೇರಿ, ಕರಿಮೆಣಸು ತುಂಬಿ ಇಡಿಯಾಗಿ ಸುಟ್ಟ ಹಂದಿ.

ಫ್ರಾಸ್ಕಾತಿ ಒಂದೇ ದ್ರಾಕ್ಷಿಯ ವೈನಲ್ಲ. ಕನಿಷ್ಠ ಶೇ. 70ರಷ್ಟು ಮಾಲ್ವಸೀಯ ಜಾತಿಯದು; ಅದಕ್ಕೆ ತ್ರೆಬ್ಬಿಯಾನೊ, ಬೆಲ್ಲೋನೆ ಮುಂತಾದವು ಸೇರುತ್ತವೆ. ಮಾಲ್ವಸೀಯವೂ ದೂರದಿಂದ ಬಂದ ಹೆಸರು. ಅದರ ಮೂಲ ಗ್ರೀಸಿನ ಮೊನೆಮ್ವಸಿಯಾ ಬಂದರು. ಒಂದೇ ದಾರಿಯಿರುವ ಊರೆಂದು ಆ ಹೆಸರಿನ ಅರ್ಥ. ಮಾಲ್ವಸೀಯ ಪರಿಮಳವನ್ನೂ ತುಂಬುತನವನ್ನೂ ಕೊಟ್ಟರೆ, ತ್ರೆಬ್ಬಿಯಾನೊ ಹುಳಿಯನ್ನು ಕೊಡುತ್ತದೆ. ಬಳ್ಳಿಗಳು ಬೇರುಬಿಟ್ಟಿರುವುದು ಜ್ವಾಲಾಮುಖಿಯ ಮಣ್ಣಿನಲ್ಲಿ. ಗುಟುಕಿನ ಕೊನೆಗೆ ಬಾದಾಮಿಯ ನಸುಕಹಿ ಉಳಿಯುತ್ತದೆ.

ಪೊರ್ಕೆತ್ತಾದ ಕೊಬ್ಬನ್ನು ನಾಲಿಗೆಯಿಂದ ತೊಳೆಯುವುದು ಆ ಹುಳಿಯೇ. ಚೀಸು, ಕರಿಮೆಣಸು ಬೆರೆಸಿದ ‘ಕಾಚೊ ಎ ಪೆಪೆ’, ಮೊಟ್ಟೆ ಹಾಕಿದ ಕಾರ್ಬೊನಾರಾ, ಎಣ್ಣೆಯಲ್ಲಿ ಕರಿದ ಕಾಡ್ ಮೀನು, ಇವೆಲ್ಲಕ್ಕೂ ಅದು ಬೇಕು. ಈ ವೈನನ್ನು 8ರಿಂದ 10 ಡಿಗ್ರಿ ತಂಪಿನಲ್ಲಿ, ಹೊಸದಿರುವಾಗಲೇ ಕುಡಿಯಬೇಕು. ಸಿಹಿ ಬಗೆಯಾದ ‘ಕನ್ನೆಲ್ಲೀನೊ’ಗೆ ಒಣ ಬಿಸ್ಕತ್ತು ಜೊತೆ.

1966ರಲ್ಲಿ ಇಟಲಿಯ ಕಾನೂನು ಫ್ರಾಸ್ಕಾತಿ ಎಂಬ ವೈನಿನ ಹೆಸರಿಗೆ ಎಲ್ಲೆ ಹಾಕಿತು. ಫ್ರಾಸ್ಕಾತಿ, ಗ್ರೊತ್ತಾಫೆರ್ರಾತಾ, ಮೊಂತೆ ಪೊರ್ಜಿಯೊ ಕಾತೋನೆ ಮತ್ತು ನೆರೆಯ ಕೆಲವು ಭಾಗಗಳ ದ್ರಾಕ್ಷಿಗಷ್ಟೇ ಅದು ಸಲ್ಲುತ್ತದೆ. 2011ರಲ್ಲಿ ‘ಸುಪೆರಿಯೋರೆ’ ಎಂಬ ಬಗೆಗೂ ಕನ್ನೆಲ್ಲೀನೊಗೂ ಇನ್ನೂ ಮೇಲಿನ ದರ್ಜೆ ದಕ್ಕಿತು. ಆದರೂ ಈ ಹೆಸರಿನ ಬಲದ ಮೇಲೆ ಸಪ್ಪೆ ವೈನ್ ಬಹಳ ಮಾರಾಟವಾಗಿದೆ, ಹೆಸರು ಕೆಟ್ಟಿದೆ. ಬಾಗಿಲಿಗೆ ಟೊಂಗೆ ಕಟ್ಟಿದವನು ಒಳಗೆ ಒಳ್ಳೆಯ ವೈನ್ ಇದೆಯೆಂದು ಊರಿಗೆ ಮಾತು ಕೊಡುತ್ತಿದ್ದ. ಲೇಬಲ್ ಮೇಲೆ ಫ್ರಾಸ್ಕಾತಿ ಎಂದು ಬರೆಯುವವರೂ ಅದೇ ಮಾತು ಕೊಡುತ್ತಾರೆ, ಅದನ್ನು ಉಳಿಸಿಕೊಳ್ಳಬೇಕು.