ಪೇದೆಯ ಜ್ವರಕ್ಕೆ ಲೆಕ್ಕ ಇತ್ತು, ಊರಿನ ಜ್ವರಕ್ಕೆ?

ಬ್ರಿಟಿಷರ ಕಾಲದ ಒಬ್ಬ ಪೊಲೀಸ್ ಪೇದೆಯನ್ನು ಕಲ್ಪಿಸಿಕೊಳ್ಳಿ. ಡ್ಯೂಟಿ ಯಲ್ಲಾಪುರದಲ್ಲಿ. ಮಳೆಗಾಲ ಮುಗಿದಿದೆ, ಚಳಿಜ್ವರ ಹಿಡಿದಿದೆ. ಹಾಜರಿ ಕರೆದಾಗ ಎದ್ದು ನಿಲ್ಲೋಕೂ ಆಗಲ್ಲ. ಅವನು ಆಸ್ಪತ್ರೆ ಸೇರಿದ್ದು ಲೆಕ್ಕಕ್ಕೆ ಹೋಗುತ್ತೆ. ವರ್ಷದ ಕೊನೆಗೆ ಪೊಲೀಸ್ ಇಲಾಖೆಯ ವಾರ್ಷಿಕ ವರದಿಯಲ್ಲಿ ಅವನೂ ಒಂದು ಅಂಕಿ. ಅದೇ ವಾರ ಪಕ್ಕದ ಅಡಿಕೆ ತೋಟದ ಆಳಿಗೂ ಅದೇ ಜ್ವರ. ಅವನ ಹೆಸರನ್ನು ಯಾರು ಬರೆದುಕೊಂಡರು? ಸತ್ತರೆ ಮಾತ್ರ ಬರೆಯುತ್ತಿದ್ದರು. ಕಾರಣದ ಜಾಗದಲ್ಲಿ ಬಹುತೇಕ ಒಂದೇ ಪದ: ಜ್ವರ.

ವೀಕ್ಷಕರೇ, ಈ ವ್ಯತ್ಯಾಸ ಎಲ್ಲಿಂದ ಬಂತು ನೋಡಿ. 1857ರ ದಂಗೆ ಆದ ಮೇಲೆ ಲಂಡನ್ನಿನ ಸರ್ಕಾರಕ್ಕೆ ಒಂದು ಚಿಂತೆ ಹತ್ತಿತು. ಭಾರತದಲ್ಲಿರುವ ಬ್ರಿಟಿಷ್ ಸೈನಿಕರು ಯುದ್ಧಕ್ಕಿಂತ ಹೆಚ್ಚಾಗಿ ಕಾಯಿಲೆಗೆ ಸಾಯುತ್ತಿದ್ದರು. 1859ರಲ್ಲಿ ಒಂದು ರಾಯಲ್ ಕಮಿಷನ್ ಕೂತಿತು. ಅಂಕಿಗಳನ್ನು ಜಾಲಾಡಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಒಬ್ಬರು. 1863ರ ವರದಿ ಹೇಳಿದ್ದು, ವರ್ಷಕ್ಕೆ ಸಾವಿರ ಸೈನಿಕರಲ್ಲಿ 69 ಜನ ಸಾಯುತ್ತಿದ್ದಾರೆ ಅಂತ. ಸೈನಿಕ, ಕೈದಿ, ಪೊಲೀಸ್: ಸರ್ಕಾರಕ್ಕೆ ಬೇಕಾದ ಮೈಗಳಿಗೆಲ್ಲ ರೋಗದ ಲೆಕ್ಕ ಬಂತು.

ನಾನು ಓದಿದ್ದು ಎಂಜಿನಿಯರಿಂಗ್. ಅಂಕಿ ಕಂಡರೆ ಮೊದಲು ಹುಡುಕೋದು ಛೇದವನ್ನು. ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ಜ್ವರ? ಪೊಲೀಸ್ ಪಡೆಗೆ ಹಾಜರಿ ಪುಸ್ತಕ ಇತ್ತು, ಹಾಗಾಗಿ ಛೇದ ಗೊತ್ತಿತ್ತು. ಆದರೂ ಆ ಕೋಷ್ಟಕವನ್ನು ಹುಷಾರಾಗಿ ಓದಬೇಕು. ಎಣಿಸುತ್ತಿದ್ದದ್ದು ಆಸ್ಪತ್ರೆ ದಾಖಲಾತಿಯನ್ನು. ಒಬ್ಬನೇ ಪೇದೆ ನಾಲ್ಕು ಸಲ ಮಲಗಿದರೆ ಲೆಕ್ಕ ನಾಲ್ಕು. ಇಲಾಖೆಗೆ ಬೇಕಾಗಿದ್ದು ಕೆಲಸಕ್ಕೆ ಎಷ್ಟು ಜನ ಸಿಗ್ತಾರೆ ಅನ್ನೋದು. ಅವನ ಹೆಂಡತಿ ಮಕ್ಕಳಿಗೂ ಜ್ವರ ಬಂತಾ ಅನ್ನೋದಕ್ಕೆ ಅಲ್ಲಿ ಕಾಲಂ ಇಲ್ಲ.

ಈಗ ಘಟ್ಟದ ಮೇಲಕ್ಕೆ ಬರೋಣ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಬಾಂಬೆ ಪ್ರೆಸಿಡೆನ್ಸಿಗೆ ಸೇರಿಸಿದರು. ಧಾರವಾಡದ ಹತ್ತಿ ಕಾರವಾರ ಬಂದರಿಗೆ ಇಳಿಯಬೇಕಿತ್ತು, ಮ್ಯಾಂಚೆಸ್ಟರ್ ಗಿರಣಿಗಳು ಕಾಯುತ್ತಿದ್ದವು. ದಾರಿ ಯಲ್ಲಾಪುರದ ಕಾಡಿನ ಮೂಲಕ, ಅರಬೈಲ್ ಘಟ್ಟ ಇಳಿದು. ಹತ್ತಿಗೆ ರಸ್ತೆ ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಜ್ವರ ಹಾಗೇ ಉಳಿಯಿತು. 1901ರಲ್ಲಿ ಜಿಲ್ಲೆಯ ಜನಸಂಖ್ಯೆ 4 ಲಕ್ಷ 54 ಸಾವಿರ. 1921ರ ಹೊತ್ತಿಗೆ ಅದು 4 ಲಕ್ಷದ ಆಸುಪಾಸಿಗೆ ಇಳಿದಿತ್ತು. ಪ್ಲೇಗ್ ಬಂತು, 1918ರ ಇನ್‌ಫ್ಲುಯೆಂಜಾ ಬಂತು. ಇವು ಬಂದು ಹೋದವು. ಮಲೇರಿಯಾ ಮಾತ್ರ ವರ್ಷವರ್ಷವೂ ಇತ್ತು.

ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಕಂಡದ್ದು 1897ರ ಆಗಸ್ಟ್ 20ರಂದು. ನಮ್ಮ ಘಟ್ಟದ ಹಳ್ಳಿಗೆ ಆ ಜ್ಞಾನದ ಫಲ ಬರೋಕೆ ಸುಮಾರು ಅರ್ಧ ಶತಮಾನ ಹಿಡಿಯಿತು. 1940ರ ದಶಕದಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಇಲ್ಲಿ ಕೆಲಸ ಮಾಡಿದರು. ರೋಗ ಹರಡುತ್ತಿದ್ದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ಹುಟ್ಟೋದು ನಿಧಾನವಾಗಿ ಹರಿಯುವ ಹಳ್ಳದ ಅಂಚಿನಲ್ಲಿ. ಹಳ್ಳ ಇಲ್ಲದೆ ಅಡಿಕೆ ತೋಟ ಎಲ್ಲಿದೆ ಹೇಳಿ? ಮಲೇರಿಯಾ ತಂಡಗಳು ಮಕ್ಕಳ ಹೊಟ್ಟೆ ಮುಟ್ಟಿ ಜ್ವರಗಡ್ಡೆ ಎಣಿಸುತ್ತಿದ್ದವು. ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಗುಲ್ಮ ಊದಿದೆ? ಅದೇ ಊರಿನ ಮಲೇರಿಯಾದ ಅಳತೆ. ಛೇದದ ಜಾಗಕ್ಕೆ ಕೊನೆಗೂ ಊರಿನ ಮಕ್ಕಳು ಬಂದರು. 1946ರಲ್ಲಿ ಉತ್ತರ ಕನ್ನಡ, ಧಾರವಾಡದ ಹಳ್ಳಿಗಳ ಮನೆಯೊಳಗೆ ಡಿಡಿಟಿ ಸಿಂಪಡಿಸಿದರು. ಜ್ವರ ಇಳಿಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ದೇಶದ ಮುಂದೆ ಈ ಅನುಭವ ಇತ್ತು.

ಇಷ್ಟಾದ ನಾಲ್ಕು ವರ್ಷಕ್ಕೆ, 1957ರಲ್ಲಿ, ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಮಂಗನ ಕಾಯಿಲೆ ಜಗತ್ತಿಗೆ ಗೊತ್ತಾಗಿದ್ದು ಹಾಗೆ. ಇವತ್ತಿಗೂ ಬೇಸಿಗೆ ಹತ್ತಿರ ಬಂದರೆ ಸಿದ್ದಾಪುರದ ಕಾಡಂಚಿನ ಮನೆಗಳಲ್ಲಿ ಆತಂಕ ಶುರು. ಮುನ್ನೆಚ್ಚರಿಕೆ ನಿಂತಿರೋದು ಯಾರ ಮೇಲೆ? ಸತ್ತ ಮಂಗ ಕಂಡೆ ಅಂತ ಫೋನ್ ಮಾಡುವ ರೈತನ ಮೇಲೆ. ಮನೆಮನೆಗೆ ಹೋಗಿ ಯಾರಿಗೆ ಜ್ವರ ಅಂತ ಬರೆದುಕೊಳ್ಳುವ ಆಶಾ ಕಾರ್ಯಕರ್ತೆಯ ಮೇಲೆ. ಬ್ರಿಟಿಷರು ಪೇದೆಗೆ ಇಟ್ಟ ಪುಸ್ತಕವನ್ನು ಊರಿಗೇ ಇಟ್ಟವರು ಇವರು.

ಆದ್ದರಿಂದ ನನ್ನ ಮಾತು ಇಷ್ಟೇ. ಸಾವಿನ ಸುದ್ದಿಗೆ ಬ್ರೇಕಿಂಗ್ ನ್ಯೂಸ್ ಪಟ್ಟಿ ಹಾಕೋದು ನಮ್ಮ ಕಸುಬು, ಹಾಕ್ತೀವಿ. ಅಷ್ಟು ಹೊತ್ತಿಗೆ ತಡವಾಗಿರುತ್ತೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಜ್ವರದ ಹೆಸರುಗಳು ಹೆಚ್ಚಾದ ವಾರವೇ ಯಾರಾದರೂ ಅದನ್ನು ತೆರೆದು ಓದಬೇಕು. ಓದುವವರಿಲ್ಲದ ಲೆಕ್ಕ ಇದ್ದೂ ಇಲ್ಲದ ಹಾಗೆ.