ಹೆಸರು ಕೆತ್ತಿದ ಪಾತ್ರೆ

ಲಿವರ್ ಪರೀಕ್ಷೆಯ ರಿಪೋರ್ಟಿನಲ್ಲಿ ಎಸ್‌ಜಿಒಟಿ ಎಂಬ ಸಾಲೊಂದು ಇರುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಬೇರೆ ಇಲಾಖೆಗೆ ವರ್ಗವಾಗಿ ಹೋದ ಹಳೆಯ ನೌಕರನ ನೆನಪಾಗುತ್ತದೆ. ಈಗ ಲಿವರ್‌ನ ಲೆಕ್ಕ ಬರೆಯುವ ಈ ಕಿಣ್ವ ಮೊದಲು ಹೆಸರು ಮಾಡಿದ್ದು ಹೃದಯಾಘಾತದ ಗುರುತಾಗಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೃದಯದ ರಕ್ತನಾಳ ಹಠಾತ್ತನೆ ಕಟ್ಟಿದರೆ ಸಾವು ಖಚಿತ ಎಂದೇ ಹೆಚ್ಚಿನ ವೈದ್ಯರು ನಂಬಿದ್ದರು. ಹಾಗಲ್ಲ, ರೋಗಿ ಬದುಕಬಹುದು, ಬದುಕಿರುವಾಗಲೇ ಈ ರೋಗವನ್ನು ಗುರುತಿಸಬಹುದು ಎಂದು 1912ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ಬರೆದರು. ಗುರುತಿಸುವುದು ಹೇಗೆ? ಐಂಥೋವನ್ ರೂಪಿಸಿದ ಇಸಿಜಿ ನೆರವಿಗೆ ಬಂತು. ಆದರೆ ಅದರ ಗೆರೆಗಳು ಎಲ್ಲ ಸಲವೂ ಸ್ಪಷ್ಟವಾಗಿರುತ್ತಿರಲಿಲ್ಲ. ಆಗ ಉಳಿಯುತ್ತಿದ್ದುದು ರೋಗಿ ಹೇಳುವ ನೋವಿನ ಕಥೆ, ಅದನ್ನು ನಂಬುವ ಅಥವಾ ನಂಬದ ವೈದ್ಯ.

1954ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಲಾಡ್ಯೂ, ಫೆಲಿಕ್ಸ್ ರೊಬ್ಲೆವ್‌ಸ್ಕಿ ಮತ್ತು ಆರ್ಥರ್ ಕಾರ್ಮೆನ್ ಹೊಸದೊಂದು ಸಾಕ್ಷಿಯನ್ನು ತಂದರು. ಹೃದಯದ ಸ್ನಾಯುಕೋಶ ಸತ್ತಾಗ ಅದರ ಗೋಡೆ ಒಡೆದು ಒಳಗಿನ ವಸ್ತುಗಳು ರಕ್ತಕ್ಕೆ ಸೋರುತ್ತವೆ. ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಒಟಿ ಏರುವುದನ್ನು ಅವರು ತೋರಿಸಿದರು. ವಿಚಿತ್ರವೆಂದರೆ ಈ ಕೆಲಸ ನಡೆದದ್ದು ಕ್ಯಾನ್ಸರ್‌ಗೆ ಹೆಸರಾದ ಸ್ಲೋನ್-ಕೆಟರಿಂಗ್ ಸಂಸ್ಥೆಯಲ್ಲಿ.

ತೊಡಕು ಬೇಗ ಕಾಣಿಸಿತು. ಈ ಕಿಣ್ವ ಲಿವರ್‌ನಲ್ಲೂ ಇದೆ, ಕೈಕಾಲಿನ ಸ್ನಾಯುಗಳಲ್ಲೂ ಇದೆ. ನೆರೆಯಲ್ಲಿ ಪಾತ್ರೆಯೊಂದು ತೇಲಿ ಬಂದರೆ ಎಲ್ಲೋ ಮನೆ ಕುಸಿದಿದೆ ಎಂದು ತಿಳಿಯುತ್ತದೆ, ಯಾರ ಮನೆ ಎಂದು ತಿಳಿಯುವುದಿಲ್ಲ. ಆಮೇಲೆ ಬಂದ ಸಿಕೆ ಎಂಬ ಕಿಣ್ವದ್ದೂ ಇದೇ ಪಾಡು. ಹೃದಯದಲ್ಲಿ ಹೆಚ್ಚಾಗಿರುವ ಅದರ ಸಿಕೆ-ಎಂಬಿ ಎಂಬ ರೂಪ ಬಳಕೆಗೆ ಬಂದ ಮೇಲೆ ಗುರುತು ಸ್ವಲ್ಪ ಖಚಿತವಾಯಿತು, ಪೂರ್ತಿ ಅಲ್ಲ.

ನಮ್ಮಲ್ಲಿ ಸ್ಟೀಲ್ ಪಾತ್ರೆಗಳ ಮೇಲೆ ಮನೆಯವರ ಹೆಸರು ಕೆತ್ತಿಸುತ್ತಾರಲ್ಲ, ಅಂಥ ಪಾತ್ರೆ ಸಿಕ್ಕಿದ್ದು ಜಪಾನಿನಿಂದ. 1960ರ ದಶಕದಲ್ಲಿ ಟೋಕಿಯೋದ ಸೆತ್ಸುರೊ ಎಬಾಶಿ ಕ್ಯಾಲ್ಸಿಯಂ ಸ್ನಾಯುವನ್ನು ಹೇಗೆ ಸಂಕುಚಿಸುತ್ತದೆ ಎಂದು ಹುಡುಕುತ್ತ ಟ್ರೋಪೋನಿನ್ ಎಂಬ ಪ್ರೋಟೀನನ್ನು ಕಂಡುಕೊಂಡರು. ಅವರು ಬೆನ್ನು ಹತ್ತಿದ್ದುದು ಸ್ನಾಯುವಿನ ಗುಟ್ಟನ್ನು, ಎದೆನೋವನ್ನಲ್ಲ. ಹೃದಯದ ಟ್ರೋಪೋನಿನ್‌ನ ಟಿ ಮತ್ತು ಐ ಎಂಬ ಭಾಗಗಳು ಕೈಕಾಲಿನ ಸ್ನಾಯುವಿನವುಗಳಿಗಿಂತ ಬೇರೆ. ಈ ವ್ಯತ್ಯಾಸವನ್ನು ಹಿಡಿದು ಜರ್ಮನಿಯ ಹ್ಯೂಗೊ ಕಾಟಸ್ ಮತ್ತು ಸಂಗಡಿಗರು 1989ರಲ್ಲಿ ಟ್ರೋಪೋನಿನ್ ಟಿ ಪರೀಕ್ಷೆಯನ್ನು ಪ್ರಕಟಿಸಿದರು.

ನನ್ನನ್ನು ಹೆಚ್ಚು ಕಾಡುವುದು ಮುಂದಿನ ಘಟ್ಟ. ಸಿಕೆ-ಎಂಬಿ ಸರಿಯಾಗಿದೆ, ಇದು ಬರೀ ಆಂಜೈನಾ ಎಂದು ವೈದ್ಯರು ಹೇಳಿದ್ದ ಕೆಲವರ ರಕ್ತದಲ್ಲಿ ಟ್ರೋಪೋನಿನ್ ಸಿಕ್ಕಿತು. ಮುಂದೆ ಹೃದಯಾಘಾತಕ್ಕೋ ಸಾವಿಗೋ ಈಡಾಗುವ ಸಂಭವ ಇಂಥವರಲ್ಲೇ ಹೆಚ್ಚು ಎಂಬುದು 1990ರ ದಶಕದಲ್ಲಿ ಗೊತ್ತಾಯಿತು. 2000ದಲ್ಲಿ ಯುರೋಪು ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಟ್ರೋಪೋನಿನ್‌ಗೆ ಮೊದಲ ಸ್ಥಾನ ಕೊಟ್ಟು ಹೃದಯಾಘಾತದ ವ್ಯಾಖ್ಯೆಯನ್ನೇ ಬದಲಿಸಿದವು. ನೋವು ಅದೇ, ಎದೆ ಅದೇ. ಆದರೆ ನಿನ್ನೆ ಆಂಜೈನಾ ಎನಿಸಿಕೊಂಡಿದ್ದು ಇಂದು ಹೃದಯಾಘಾತವಾಯಿತು. ಪರೀಕ್ಷೆ ರೋಗವನ್ನು ಹುಡುಕುತ್ತದೆ ಎಂದುಕೊಳ್ಳುತ್ತೇವೆ. ರೋಗದ ಎಲ್ಲೆಯನ್ನು ಎಳೆಯುವುದೂ ಅದೇ. ಆ ಎಲ್ಲೆ ಎಲ್ಲರಿಗೂ ಒಂದೇ ಅಲ್ಲ. ಆರೋಗ್ಯವಂತ ಹೆಂಗಸರ ರಕ್ತದಲ್ಲಿ ಟ್ರೋಪೋನಿನ್ ಗಂಡಸರಿಗಿಂತ ಕಡಿಮೆ. ಇಬ್ಬರಿಗೂ ಒಂದೇ ಗಡಿ ಇಟ್ಟರೆ ಕೆಲವು ಹೆಂಗಸರ ಹೃದಯಾಘಾತ ಲೆಕ್ಕಕ್ಕೆ ಸಿಗದು. ಅತಿಸೂಕ್ಷ್ಮ ಪರೀಕ್ಷೆಗಳಲ್ಲಿ ಈಗ ಬೇರೆ ಬೇರೆ ಗಡಿಗಳನ್ನು ಶಿಫಾರಸು ಮಾಡುತ್ತಾರೆ.

ಈ ಸಾಕ್ಷಿಗೂ ಮಿತಿಯಿದೆ. ಮೂತ್ರಪಿಂಡದ ಕಾಯಿಲೆ, ಹೃದಯಸ್ನಾಯುವಿನ ಉರಿಯೂತ, ತೀವ್ರ ಸೋಂಕು ಇದ್ದಾಗಲೂ ಟ್ರೋಪೋನಿನ್ ಏರಬಹುದು. ಪಾತ್ರೆಯ ಮೇಲಿನ ಹೆಸರು ಕುಸಿದ ಮನೆಯನ್ನು ತೋರಿಸುತ್ತದೆ, ಕುಸಿದದ್ದೇಕೆ ಎಂದು ಹೇಳುವುದಿಲ್ಲ. ಜೊತೆಗೆ ಸೋರಿಕೆಗೆ ಹೊತ್ತು ಬೇಕು. ನೋವು ಶುರುವಾದ ಕೂಡಲೇ ತೆಗೆದ ರಕ್ತದಲ್ಲಿ ಏನೂ ಕಾಣದಿರಬಹುದು. ಅದಕ್ಕೇ ಕೆಲವು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಇಸಿಜಿಯಲ್ಲೇ ದೊಡ್ಡ ಆಘಾತ ಸ್ಪಷ್ಟವಾಗಿದ್ದರೆ ರಕ್ತದ ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರುಮಾಡುತ್ತಾರೆ.

ರಕ್ತ ಮಾತಾಡುವುದು ಕೋಶಗಳಿಗೆ ಪೆಟ್ಟು ಬಿದ್ದ ಮೇಲೆ. ಅದಕ್ಕೂ ಮೊದಲು ಮಾತಾಡುವುದು ಎದೆ ಹಿಡಿದುಕೊಂಡು ಬಂದ ಮನುಷ್ಯ. ಹೆರಿಕ್‌ನ ಕಾಲದಂತೆ ಈಗಲೂ ಮೊದಲು ಕೇಳಬೇಕಾದ್ದು ಅವನ ಮಾತನ್ನೇ.