ವಿದ್ಯಾರ್ಥಿಯ ಸ್ವಂತ ಪ್ರತಿ: ಮುಕ್ತಪಠ್ಯಗಳ ಚರಿತ್ರೆ

ವಿದ್ಯೆಯನ್ನು ನಾಲ್ಕು ಪಾದಗಳಾಗಿ ಎಣಿಸಿ, ಗುರು, ಸ್ವಬುದ್ಧಿ, ಸಹಾಧ್ಯಾಯಿಗಳು, ಕಾಲ ಎಂಬಿವುಗಳಿಂದ ಒಂದೊಂದು ಪಾದವು ಲಭಿಸುವುದೆಂದು ನಮ್ಮ ಪೂರ್ವಿಕರು ತಿಳಿದಿದ್ದರು. ಆದುದರಿಂದ ವಿದ್ಯಾರ್ಥಿಯು ತನ್ನ ವಿದ್ಯೆಯನ್ನು ತಾನೂ ರೂಪಿಸಿಕೊಳ್ಳುವನೆಂಬುದು ನೂತನ ವಿಚಾರವಲ್ಲ. ಮೊಬೈಲಿನಲ್ಲಿ ಒಯ್ಯಬಹುದಾದ, ತಿದ್ದಿ ಪುನಃ ಬಳಸಬಹುದಾದ ಪಠ್ಯಗಳು ಮಾತ್ರ ನೂತನವಾದುವು. ಅವುಗಳ ಚರಿತ್ರೆಯನ್ನೂ ಕನ್ನಡ ಪಾಠಗಳಿಗೆ ಅವುಗಳಿಂದ ಒದಗತಕ್ಕ ಹಿತಾಹಿತಗಳನ್ನೂ ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗಿದೆ.

ಓಲೆಗರಿಯ ಕಾಲದಲ್ಲಿ ಗ್ರಂಥವನ್ನು ಪಡೆಯುವುದೆಂದರೆ ಪ್ರತಿಮಾಡುವುದು ಅಥವಾ ಮಾಡಿಸುವುದು ಎಂದೇ ಅರ್ಥ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಮಾಡಿಸಿ ಹಂಚಿದುದು ಪ್ರಸಿದ್ಧವಾಗಿದೆ. ಹೀಗೆ ದೊರೆತ ಪ್ರತಿಯು ಓದುವವನ ಸ್ವತ್ತು. ಅದರಲ್ಲಿ ಅವನು ಟಿಪ್ಪಣಿ ಬರೆಯಬಹುದಾಗಿತ್ತು, ಮತ್ತೊಬ್ಬನಿಗೆ ಪ್ರತಿಗಾಗಿ ಕೊಡಬಹುದಾಗಿತ್ತು. ಆದರೆ ಲಿಪಿಕಾರನ ಪ್ರಮಾದಗಳೂ ಅದರೊಡನೆಯೇ ಹರಡುತ್ತಿದ್ದುವು.

ಗಣಕಯಂತ್ರದಲ್ಲಿ ಗ್ರಂಥಗಳನ್ನಿರಿಸಿ ಸರ್ವರಿಗೂ ಕೊಡುವ ಕಾರ್ಯವನ್ನು ಅಮೆರಿಕದ ಮೈಕೇಲ್ ಹಾರ್ಟ್ ೧೯೭೧ರಲ್ಲಿ ಆರಂಭಿಸಿದನು. ಅದೇ ಗುಟೆನ್‌ಬರ್ಗ್ ಯೋಜನೆ. ೧೯೯೮ರಲ್ಲಿ ಡೇವಿಡ್ ವೈಲಿಯು ಪಾಠಸಾಮಗ್ರಿಯನ್ನು ಇತರರು ಬಳಸುವುದಕ್ಕೆ ಅನುಮತಿಪತ್ರವೊಂದನ್ನು ರಚಿಸಿದನು. ೨೦೦೧ರಲ್ಲಿ ಮೆಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯು ತನ್ನ ಪಾಠಗಳನ್ನು ಮುಕ್ತವಾಗಿ ಪ್ರಕಟಿಸುವುದಾಗಿ ಸಾರಿತು. ಮರುವರ್ಷ ಯುನೆಸ್ಕೋ ಸಭೆಯಲ್ಲಿ ಇಂಥ ಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಅರ್ಥದ ಹೆಸರು ನಿಶ್ಚಿತವಾಯಿತು. ಅದೇ ವರ್ಷ ಕ್ರಿಯೇಟಿವ್ ಕಾಮನ್ಸ್ ಅನುಮತಿಪತ್ರಗಳೂ ಹೊರಬಂದುವು. ನಮ್ಮಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ೨೦೦೩ರಲ್ಲಿ ಎನ್‌ಪಿಟೆಲ್ ಯೋಜನೆಯನ್ನು ಕೈಗೊಂಡುವು. ಕನ್ನಡ ವಿಕಿಪೀಡಿಯವು ಆರಂಭವಾದುದೂ ಅದೇ ವರ್ಷ.

ಮುಕ್ತವೆಂಬುದರ ಲಕ್ಷಣವನ್ನು ಹೇಳುವಾಗ ವೈಲಿಯು ಮೊದಲು ಬಳಸುವುದು, ತಿದ್ದುವುದು, ಬೆರೆಸುವುದು, ಹಂಚುವುದು ಎಂಬ ನಾಲ್ಕು ಅಧಿಕಾರಗಳನ್ನು ಎಣಿಸಿದ್ದನು. ೨೦೧೪ರಲ್ಲಿ ಐದನೆಯದನ್ನು, ಎಂದರೆ ತನ್ನಲ್ಲಿ ಉಳಿಸಿಕೊಳ್ಳುವುದನ್ನು, ಸೇರಿಸಿದನು. ಈ ಐದನೆಯದೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಮೂಲ್ಯವಿಲ್ಲದೆ ನೋಡಲು ದೊರೆತರೂ ಉಳಿಸಿಕೊಳ್ಳಲು ದೊರೆಯದ ಪಾಠವು ಎರವಿನ ಒಡವೆಯಂತೆ. ಕೊಟ್ಟವರು ಹಿಂದೆಗೆದುಕೊಂಡ ದಿನ ವಿದ್ಯಾರ್ಥಿಯ ಕೈ ಬರಿದಾಗುವುದು. ಓಲೆಗರಿಯ ವಿದ್ಯಾರ್ಥಿಗೆ ಸಹಜವಾಗಿದ್ದ ಅಧಿಕಾರವನ್ನು ಇಂದಿನವನಿಗೆ ಅನುಮತಿಪತ್ರದ ಮೂಲಕ ಕೊಡಬೇಕಾಗಿದೆ.

ಇನ್ನು ಪಾಠಶುದ್ಧಿಯ ವಿಚಾರ. ಸರ್ವಲಿಪಿಗಳ ಅಕ್ಷರಗಳಿಗೆ ಸಂಖ್ಯೆಗಳನ್ನು ನಿಯಮಿಸುವ ಯೂನಿಕೋಡ್ ೧೯೯೧ರಲ್ಲಿ ಪ್ರಕಟವಾದಾಗಲೇ ಕನ್ನಡವು ಅದರಲ್ಲಿ ಸೇರಿತ್ತು. ಆದರೆ ಹಳಗನ್ನಡದ ೞಕಾರಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ವ್ಯವಸ್ಥೆಯ ನಿಯಮ. ಆದುದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ನಮೂದಿಸಿದ್ದಾರೆ. ಅಕ್ಷರದ ರೂಪಕ್ಕೆ ಇದರಿಂದ ಹಾನಿಯಿಲ್ಲ. ಆದರೂ ಹರಡಿದ ತಪ್ಪನ್ನು ಹಿಂದಕ್ಕೆ ಕರೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇದು ತಕ್ಕ ನಿದರ್ಶನ. ಮುದ್ರಿತ ಪುಟದ ಚಿತ್ರದಿಂದ ಯಂತ್ರವು ಅಕ್ಷರಗಳನ್ನು ಓದಿದಾಗ ಒತ್ತಕ್ಷರ, ದೀರ್ಘಗಳಲ್ಲಿ ಪ್ರಮಾದಗಳು ಉಳಿಯುತ್ತವೆ. ಅಂಥ ಪಾಠವನ್ನು ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಹಂಚಿಕೊಂಡರೆ ಅಪಪಾಠವೇ ರೂಢಿಯಾಗಬಹುದು.

ಇದಕ್ಕೆ ಪರಿಹಾರವೂ ಅಲ್ಲಿಯೇ ಉಂಟು. ವಿಕಿಸೋರ್ಸ್ ಎಂಬ ಗ್ರಂಥಭಂಡಾರದಲ್ಲಿ ಮೂಲಪುಟದ ಚಿತ್ರವೂ ಅಕ್ಷರಪಾಠವೂ ಅಕ್ಕಪಕ್ಕದಲ್ಲಿರುತ್ತವೆ. ಒಬ್ಬನು ತಿದ್ದಿದ ಪುಟಕ್ಕೆ ಹಳದಿ ಗುರುತು. ಬೇರೊಬ್ಬನು ಪುನಃ ಪರೀಕ್ಷಿಸಿದ ಮೇಲೆಯೇ ಹಸುರು ಗುರುತು. ಯಾವ ಖಾತೆಯಿಂದ ಯಾವಾಗ ಏನು ಬದಲಾಯಿತೆಂಬುದೆಲ್ಲ ದಾಖಲೆಯಾಗಿ ಉಳಿಯುತ್ತದೆ. ಓಲೆಪ್ರತಿಯನ್ನು ಹಿಡಿದ ಸಂಪಾದಕನಿಗೆ ಇಂಥ ದಾಖಲೆ ದೊರೆತಿದ್ದರೆ ಎಷ್ಟೋ ಪಾಠಾಂತರಗಳ ಜಿಜ್ಞಾಸೆಯು ಸುಲಭವಾಗುತ್ತಿತ್ತು.

ಆದಕಾರಣ ಅಧ್ಯಾಪಕರು ಈ ಸಾಧನಗಳನ್ನು ಉಪೇಕ್ಷಿಸುವುದು ಯುಕ್ತವಲ್ಲ. ತರಗತಿಯಲ್ಲಿ ಓದುವ ಕಾವ್ಯದ ಒಂದೊಂದು ಪುಟವನ್ನು ಇಬ್ಬಿಬ್ಬರು ವಿದ್ಯಾರ್ಥಿಗಳಿಗೆ ಶೋಧನೆಗೆ ಕೊಡಬಹುದು. ಒಬ್ಬನು ತಿದ್ದಿದುದನ್ನು ಇನ್ನೊಬ್ಬನು ಪರೀಕ್ಷಿಸುವಾಗ ಸ್ವಬುದ್ಧಿಗೂ ಸಹಾಧ್ಯಾಯಿಗೂ ಸಲ್ಲತಕ್ಕ ಎರಡು ಪಾದಗಳು ಒಟ್ಟಿಗೆ ಸಿದ್ಧಿಸುವುವು. ಇಬ್ಬರಿಗೂ ಬಗೆಹರಿಯದ ಪಾಠವನ್ನು ನಿರ್ಣಯಿಸುವುದಕ್ಕೆ ಗುರುವೇ ಬೇಕು. ಅದಕ್ಕೆ ವ್ಯಾಕರಣವನ್ನೂ ಛಂದಸ್ಸನ್ನೂ ಬಲ್ಲ ಗುರುಗಳು ನಮ್ಮ ಶಾಲೆಗಳಲ್ಲಿ ಉಳಿದಿರಬೇಕು.